ಅಜ್ಜಿಗೆ ಅರ್ಧ ಟಿಕೆಟ್

ಬಸ್ಸಿನಲ್ಲಿ ತಾಯಂದಿರು ಮಕ್ಕಳ ವಯಸ್ಸಿನ ಬಗ್ಗೆ ಹೇಳುವ ಸುಳ್ಳು ಇದೆಯಲ್ಲ, ಅದನ್ನು ಕೇಳಿ ಕೇಳಿಯೇ ಕೂದಲು ಹಣ್ಣು ಮಾಡಿಕೊಂಡವರು ಕಂಡಕ್ಟರಮ್ಮ. ಐದು ತುಂಬದ ಮಗುವಿಗೆ ಟಿಕೆಟ್ಟೇ ಬೇಡ, ಹನ್ನೆರಡು ತುಂಬದವರಿಗೆ ಅರ್ಧ ಟಿಕೆಟ್ ಎಂಬ ನಿಯಮ ಬಂದದ್ದೇ ತಡ, ಅವರ ಬಸ್ಸಿನಲ್ಲಿ ಮಕ್ಕಳು ಬೆಳೆಯುವುದನ್ನೇ ನಿಲ್ಲಿಸಿಬಿಟ್ಟಿದ್ದರು. ನಾಲ್ಕಕ್ಕೆ ಬಂದ ಮಗು ಹಾಲುಹಲ್ಲು ಬಿದ್ದರೂ ನಾಲ್ಕರಲ್ಲೇ ಇರುತ್ತಿತ್ತು. ಹನ್ನೊಂದಕ್ಕೆ ಬಂದ ಹುಡುಗನಿಗೆ ದನಿ ಒಡೆದು, ಮೀಸೆ ಚಿಗುರಿ, ಮೇಲಿನ ಕಂಬಿಗೆ ತಲೆ ತಾಗುವಷ್ಟಾದರೂ ಅವನ ತಾಯಿ, "ಹನ್ನೊಂದೇ ಕಣ್ರೀ, ಅವರಪ್ಪನ ಕಡೆಯವರೆಲ್ಲ ಸ್ವಲ್ಪ ಎತ್ತರ," ಅನ್ನುತ್ತಿದ್ದಳು. ಅವರಪ್ಪನ ಕಡೆಯವರು ಹನ್ನೊಂದಕ್ಕೇ ಗಡ್ಡ ಬೋಳಿಸುತ್ತಿದ್ದರೋ ಏನೋ, ದೇವರಿಗೇ ಗೊತ್ತು.

ಕಂಡಕ್ಟರಮ್ಮ ಜಗಳಕ್ಕೆ ನಿಂತವರಲ್ಲ. ಅವರ ದಾರಿಯೇ ಬೇರೆ. ವಯಸ್ಸು ಎಷ್ಟು ಎಂದು ತಾಯಿಯನ್ನೂ ಕೇಳುತ್ತಿರಲಿಲ್ಲ, ಮಗುವನ್ನೂ ಕೇಳುತ್ತಿರಲಿಲ್ಲ. ವಯಸ್ಸಿಗೆ ಸಂಬಂಧವೇ ಇಲ್ಲದ್ದೇನನ್ನೋ ಕೇಳುತ್ತಿದ್ದರು. ಒಮ್ಮೆ ಒಬ್ಬಾಕೆ ಉದ್ದನೆಯ ಹುಡುಗನನ್ನು ತೊಡೆಯ ಮೇಲೆ ಮಡಚಿ ಕೂರಿಸಿಕೊಂಡಿದ್ದಳು. ಅವನ ಕಾಲೆರಡೂ ನೆಲ ಮುಟ್ಟಿ ಇನ್ನೂ ಮಿಕ್ಕಿದ್ದವು. "ನಾಲ್ಕು ವರ್ಷ," ಅಂದಳು ತಾಯಿ, ಕಿಟಕಿಯ ಕಡೆ ನೋಡುತ್ತಾ. ಕಂಡಕ್ಟರಮ್ಮ ಬಗ್ಗಿ, ಬೆಲ್ಲದಂಥ ದನಿಯಲ್ಲಿ, "ಪುಟ್ಟಾ, ನಿನಗೆ ತಂಗಿ ಇದಾಳಾ? ಅವಳು ಯಾಕೆ ಬಂದಿಲ್ಲ?" ಎಂದು ವಿಚಾರಿಸಿದರು. "ಅವಳಿಗೆ ಸ್ಕೂಲಿದೆ. ಒಂದನೇ ಕ್ಲಾಸು!" ಎಂದು ಹುಡುಗ ಹೆಮ್ಮೆಯಿಂದ ಕೂಗಿದ. ಬಸ್ಸಿಗೆ ಬಸ್ಸೇ ನಕ್ಕಿತು. ಕಂಡಕ್ಟರಮ್ಮ ಮಾತ್ರ ನಗದೆ ಟಿಕೆಟ್ ಹರಿದು ತಾಯಿಯ ಕೈಗಿಟ್ಟರು.

ಆದರೆ ಒಂದು ಮಾತು ಹೇಳಲೇಬೇಕು. ಸುಳ್ಳು ಹೇಳಿದರೆಂದು ಅವರು ಯಾರನ್ನೂ ನಡುದಾರಿಯಲ್ಲಿ ಇಳಿಸಿದವರಲ್ಲ. ಹಿಂದಿನ ಸೀಟಿನವರು ಯಾರಾದರೂ ಇಳಿಸಿ ಇಳಿಸಿ ಎಂದು ಗಲಾಟೆ ಎಬ್ಬಿಸಿದರೆ, "ಹತ್ತಿಸ್ಕೊಂಡಿದ್ದು ನಾನು, ಮುಟ್ಟಿಸೋದೂ ನಾನೇ. ನೀವು ನಿಮ್ಮ ಚೀಲ ನೋಡ್ಕೊಳ್ಳಿ," ಎಂದು ಗದರಿ, ಸೀಟಿ ಊದಿ, ರೈಟ್ ರೈಟ್ ಹೇಳುತ್ತಿದ್ದರು.

ಕೆಲಸದಿಂದ ನಿವೃತ್ತರಾದ ಮೇಲೆ ಸೀಟಿ ಪೆಟ್ಟಿಗೆ ಸೇರಿತು, ಚಾಳಿ ಸೇರಲಿಲ್ಲ. ಯಾರು ಯಾವ ವಯಸ್ಸು ಹೇಳಿದರೂ ಅದಕ್ಕೆ ಎರಡು ಸೇರಿಸಿಕೊಳ್ಳುವುದು ಅವರ ಅಭ್ಯಾಸ. ಎದುರುಮನೆಯಾಕೆ ನಲವತ್ತೆಂಟು ಅಂದರೆ ಐವತ್ತು. ಅಂಗಡಿಯವನು ಇವತ್ತಿನ ಬ್ರೆಡ್ಡು ಅಂದರೆ ಮೊನ್ನೆಯದು. ಲೋಕದಲ್ಲಿ ಎಲ್ಲರೂ ವಯಸ್ಸನ್ನು ಇಳಿಸಿಯೇ ಹೇಳುತ್ತಾರೆ, ಏರಿಸಿ ಹೇಳಿದ ಪ್ರಾಣಿಯನ್ನು ತಾನು ಇನ್ನೂ ಕಂಡಿಲ್ಲ ಎನ್ನುವುದು ಅವರ ಜೀವಮಾನದ ತಿಳಿವಳಿಕೆ. ಅವರಿಗೆ ಎಪ್ಪತ್ತಾರು. ಹಾಗೆಂದು ಅವರೇ ಹೇಳುತ್ತಿದ್ದರು. ಅದಕ್ಕೆ ಎರಡು ಸೇರಿಸುವ ಧೈರ್ಯ ಯಾರೂ ಮಾಡಿರಲಿಲ್ಲ.

ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ಮಕ್ಕಳಿರಲಿಲ್ಲ. ತಂಗಿಯ ಮಗಳೊಬ್ಬಳು ಇದ್ದಳು, ಜೊತೆಗೆ ಒಂದು ಬೆಕ್ಕಿತ್ತು. ಬೆಕ್ಕಿನ ಹೆಸರು ಡ್ರೈವರ್. ಕರೆದರೆ ತಿರುಗಿಯೂ ನೋಡುತ್ತಿರಲಿಲ್ಲ, ನಿಲ್ಲಿಸಬೇಕಾದ ಕಡೆ ನಿಲ್ಲುತ್ತಿರಲಿಲ್ಲ, ಅದಕ್ಕೇ ಆ ಹೆಸರು. ಹತ್ತೊಂಬತ್ತು ವರ್ಷ ಬಾಳಿ, ಕಂಡಕ್ಟರಮ್ಮನ ತೊಡೆಯ ಮೇಲೆಯೇ ಕಣ್ಣು ಮುಚ್ಚಿತು. ಅಲ್ಲಿಂದಾಚೆಗೆ ಆ ಎರಡನೇ ಮಹಡಿಯ ಮನೆ ಸದ್ದಿಲ್ಲದಂತಾಯಿತು. ತಂಗಿಯ ಮಗಳು ಫೋನು ಮಾಡಿದರೆ, "ಹೂಂ, ಊಟ ಆಯ್ತು. ಹೂಂ, ಇದೀನಿ," ಎಂದು ಇಟ್ಟುಬಿಡುವರು. ಬೈಗುಳವಿಲ್ಲ, ಅಂಗಡಿಯವನ ಮೇಲೆ ದೂರಿಲ್ಲ, ಏನೂ ಇಲ್ಲ. ಬೈಯದ ದೊಡ್ಡಮ್ಮನನ್ನು ಕಂಡು ತಂಗಿಯ ಮಗಳಿಗೆ ನಿಜವಾಗಿಯೂ ಹೆದರಿಕೆಯಾಯಿತು.

"ಇನ್ನೊಂದು ಬೆಕ್ಕು ತರೋಣ ದೊಡ್ಡಮ್ಮ," ಎಂದು ಅವಳು ಅದೆಷ್ಟು ಸಲ ಹೇಳಿದಳೋ.

"ಬೇಡ. ನನಗಿಂತ ಮೊದಲು ಹೋಗೋ ಬೆಕ್ಕು ಸಿಕ್ಕಿದ್ರೆ ಹೇಳು. ಇಲ್ಲದಿದ್ರೆ ಮಾತೇ ಎತ್ತಬೇಡ."

ಇದು ಬರೀ ಹಟವಲ್ಲ. ಕೆಳಗಿನ ಮಹಡಿಯಲ್ಲಿ ಒಬ್ಬ ಗಡಿಯಾರ ರಿಪೇರಿಯವನಿದ್ದ. ಒಂಟಿ ಮನುಷ್ಯ, ಜೊತೆಗೊಂದು ಬಿಳಿ ಬೆಕ್ಕು. ಅವನು ಹಠಾತ್ತನೆ ಹೋದಾಗ ಸಂಬಂಧಿಕರು ಬಂದು ಸಾಮಾನು ಸಾಗಿಸಿ, ಬಾಗಿಲಿಗೆ ಬೀಗ ಜಡಿದು ಹೊರಟರು. ಬೆಕ್ಕು ಹೊರಗೆ ಕಾಲೊರಸಿನ ಮೇಲೆ ಉಳಿಯಿತು. ಕಂಡಕ್ಟರಮ್ಮ ದಿನವೂ ಊಟ ಕೊಟ್ಟರು, ಮೇಲೆ ಕರೆದರು, ಎತ್ತಿಕೊಂಡೂ ಬಂದರು. ಅದು ತಿಂದು, ಮೈ ನೆಕ್ಕಿಕೊಂಡು, ಮೆಟ್ಟಿಲಿಳಿದು ಮತ್ತೆ ಅದೇ ಕಾಲೊರಸಿನ ಮೇಲೆ ಬಾಗಿಲಿಗೆ ಮುಖ ಮಾಡಿ ಕೂರುವುದು. ಒಂದು ದಿನ ಅದು ಅಲ್ಲಿರಲಿಲ್ಲ. ಎಲ್ಲಿ ಹೋಯಿತೆಂದು ಯಾರಿಗೂ ತಿಳಿಯಲಿಲ್ಲ. ಕಂಡಕ್ಟರಮ್ಮ ಆ ಮಾತು ಬಂದಾಗೆಲ್ಲ ಎದ್ದು ಅಡುಗೆಮನೆಗೆ ಹೋಗುತ್ತಿದ್ದರು.

ಇನ್ನು ತಂಗಿಯ ಮಗಳ ಕಥೆ. ಅವಳು ಹಲ್ಲುಸೆಟ್ಟು ಮಾಡುವವಳು. ಬಾಯಿಯ ಅಚ್ಚು ಡಾಕ್ಟರುಗಳಿಂದ ಬರುತ್ತದೆ, ಇವಳು ಕೂತು ಮೇಣದಲ್ಲಿ ಹಲ್ಲು ಜೋಡಿಸಿ, ಗುಲಾಬಿ ಬಣ್ಣದ ವಸಡು ಬೇಯಿಸಿ, ಉಜ್ಜಿ ಹೊಳಪು ಕೊಡುತ್ತಾಳೆ. ಬೀದಿಯಲ್ಲೆಲ್ಲ ಅವಳು ಹಲ್ಲಿನವಳು ಎಂದೇ ಹೆಸರುವಾಸಿ. ಎಪ್ಪತ್ತರ ಮುದುಕರಿಗೆ ಇಪ್ಪತ್ತರ ಬೆಳ್ಳನೆಯ ಹಲ್ಲು ಕಟ್ಟಿದರೆ ಬಾಯಿ ಬಿಟ್ಟ ಕೂಡಲೇ ಕಳ್ಳತನ ಗೊತ್ತಾಗುತ್ತದೆ. ಅದಕ್ಕೆ ಅವಳು ಹೊಸ ಹಲ್ಲಿನ ಅಂಚು ಚೂರು ಸವೆಸಿ, ಬುಡಕ್ಕೆ ಚೂರು ಹಳದಿ ತೀಡಿ, ಹಲ್ಲಿಗೆ ವಯಸ್ಸು ಬರಿಸುತ್ತಿದ್ದಳು. ಕಂಡಕ್ಟರಮ್ಮನ ಬಾಯಲ್ಲಿದ್ದದ್ದೂ ಅವಳ ಕೈಯ ಹಲ್ಲೇ.

ಅವಳ ಕೆಲಸದ ಮನೆಯ ಹಿಂದೆ ಪ್ಲಾಸ್ಟರ್ ಪುಡಿಯ ಚೀಲ ಇಡುವ ಗೂಡೊಂದಿತ್ತು. ಒಂದು ಬೆಳಗ್ಗೆ ಅದರೊಳಗಿಂದ ಕೀರಲು ದನಿ ಬಂತು. ಚೀಲಗಳಿಗೂ ಗೋಡೆಗೂ ನಡುವೆ ಒಂದು ಬೆಕ್ಕು ಸಿಕ್ಕಿಕೊಂಡಿತ್ತು. ಎರಡು ಚೀಲ ಜಗ್ಗಿ, ಕೈ ಪರಚಿಸಿಕೊಂಡು, ಕೊನೆಗೆ ಕತ್ತಿನ ಚರ್ಮ ಹಿಡಿದು ಎಳೆದಳು. ಹೊರಬಂದದ್ದು ಬೆಳ್ಳಗೆ, ಎಲುಬು ಎಲುಬಾಗಿ, ತಲೆ ಕೆದರಿಕೊಂಡ ಒಂದು ಮುದಿ ಜೀವ. ಬಾಯಿ ತೆರೆದು ಫುಸ್ ಎಂದಿತು. ಹಲ್ಲಿನವಳು ಮುಖ ನೋಡಲಿಲ್ಲ, ಮೈ ನೋಡಲಿಲ್ಲ, ಬಾಯೊಳಗೇ ಇಣುಕಿದಳು. ಮೇಲಿನ ಕೋರೆಹಲ್ಲು ಒಂದು ಅರ್ಧ ಮುರಿದಿದೆ. ದವಡೆಹಲ್ಲಿಗೆ ಕಂದು ಕಲ್ಲು ಕಟ್ಟಿದೆ. ಮುಂದಿನ ಚಿಕ್ಕ ಹಲ್ಲುಗಳಲ್ಲಿ ಎರಡಿಲ್ಲ. ಮನುಷ್ಯನ ಬಾಯಿಯಾಗಿದ್ದರೆ ಎಪ್ಪತ್ತು ದಾಟಿದೆ ಎಂದು ಅಲ್ಲೇ ತೀರ್ಮಾನಿಸಿ, ಅದನ್ನು ಬೆಕ್ಕಿನ ಲೆಕ್ಕಕ್ಕೆ ಇಳಿಸಿ, ಹದಿನಾಲ್ಕು ಎಂದು ಗುರುತು ಹಾಕಿಕೊಂಡಳು. ಹಾಕಿಕೊಂಡ ಮರುಕ್ಷಣವೇ ಅವಳ ತಲೆಯಲ್ಲಿ ದೊಡ್ಡಮ್ಮನ ಷರತ್ತು ಗಂಟೆ ಬಾರಿಸಿತು.

ಬುಟ್ಟಿಯಲ್ಲಿ ಹಾಕಿಕೊಂಡು ಪಶುವೈದ್ಯನ ಬಳಿಗೆ ಓಡಿದಳು. ಅವನು ಮೊದಲು ಒದ್ದೆ ಬಟ್ಟೆಯಿಂದ ಬೆಕ್ಕನ್ನು ಒರೆಸಿದ. ಒರೆಸಿದ ಹಾಗೆಲ್ಲ ಮುದಿತನ ಬಟ್ಟೆಗೆ ಹತ್ತಿ ಬಂತು. ಬಿಳಿಕೂದಲೆಲ್ಲ ಪ್ಲಾಸ್ಟರ್ ಪುಡಿ! ಕೆಳಗಿದ್ದದ್ದು ಬೂದು ಬಣ್ಣದ, ಮಸಿಗೀರಿನ ಹೆಣ್ಣು ಬೆಕ್ಕು.

"ಆದ್ರೂ ಹದಿನಾಲ್ಕಕ್ಕೆ ಕಮ್ಮಿ ಇಲ್ಲ ಡಾಕ್ಟ್ರೇ, ಹಲ್ಲು ನೋಡಿ," ಅಂದಳು ಹಲ್ಲಿನವಳು, ಬಿಟ್ಟುಕೊಡದೆ.

"ಮರಿ ಆಗಿದ್ರೆ ಹಲ್ಲು ನೋಡಿ ಇಷ್ಟೇ ವಾರ ಅಂತ ಹೇಳಿಬಿಡ್ತಿದ್ದೆ," ಅಂದ ಅವನು. "ಹಲ್ಲೆಲ್ಲ ಹುಟ್ಟಿ ಆದ್ಮೇಲೆ ಅದು ಏನು ತಿಂತು, ಯಾರ ಹತ್ರ ಕಚ್ಚಾಡ್ತು ಅನ್ನೋದನ್ನ ಹೇಳುತ್ತೆ. ವಯಸ್ಸು ಅಷ್ಟು ಸರಿಯಾಗಿ ಹೇಳಲ್ಲ. ಬೀದೀಲಿ ಬೆಳೆದ ಬೆಕ್ಕಿಗೆ ವಸಡಿನ ಕಾಯಿಲೆ ಬೇಗ ಬರುತ್ತೆ." ಟಾರ್ಚು ಬಿಟ್ಟು ಕಣ್ಣು ತೋರಿಸಿದ. "ಮುದಿ ಆಗಿದ್ರೆ ಪಾಪೆ ಒಳಗೆ ನೀಲಿ ಮಬ್ಬು ಕಾಣಬೇಕು. ಇಲ್ಲಿ ನೋಡಿ, ಗಾಜಿನ ಹಾಗಿದೆ." ಬೆನ್ನು ಸವರಿದ, ಉಗುರು ಒತ್ತಿ ನೋಡಿದ. ಉಗುರು ಸರಕ್ಕನೆ ಹೊರಬಂದು ಸರಕ್ಕನೆ ಒಳಗೆ ಹೋಯಿತು. "ಐದು, ಆರು. ಅಬ್ಬಬ್ಬಾ ಅಂದ್ರೆ ಏಳು. ಆಣೆ ಹಾಕಿ ಹೇಳಿ ಅಂದ್ರೆ ಹೇಳಲ್ಲ, ಆದ್ರೆ ಹದಿನಾಲ್ಕಂತೂ ಅಲ್ಲವೇ ಅಲ್ಲ. ಮೈ ತುಂಬ್ಕೊಳ್ಳಲಿ, ಒಂದು ತಿಂಗಳು ಬಿಟ್ಟು ಕರ್ಕೊಂಡು ಬನ್ನಿ, ಮರಿ ಆಗದ ಹಾಗೆ ಆಪರೇಷನ್ ಮಾಡಿಬಿಡೋಣ."

ಹಲ್ಲಿನವಳು ಬುಟ್ಟಿ ಹಿಡಿದು ಬೀದಿಯಲ್ಲಿ ನಿಂತಳು. ತಾನೇ ಸಾಕಬಹುದಿತ್ತಲ್ಲ ಅನ್ನುತ್ತೀರಿ. ಅವಳಿಗೆ ಬೆಕ್ಕೆಂದರೆ ಕೋಪವಿಲ್ಲ, ಬೆಕ್ಕಿನ ಕೂದಲೆಂದರೆ ಪ್ರಾಣಸಂಕಟ. ಹಿಂದೊಮ್ಮೆ ಎಲ್ಲಿಂದಲೋ ಹಾರಿಬಂದ ಒಂದೇ ಒಂದು ಕೂದಲು ಗುಲಾಬಿ ವಸಡಿನೊಳಗೆ ಬೆಂದು ಗಟ್ಟಿಯಾಗಿ, ಒಬ್ಬ ಸಂಗೀತದ ಮೇಷ್ಟ್ರ ಬಾಯಿ ಸೇರಿ, ಅವರು ತಿಂಗಳುಗಟ್ಟಲೆ ಬೀದಿಯಲ್ಲೆಲ್ಲ ಬಾಯಿ ತೆರೆದು ಆ ಕೂದಲನ್ನು ಪ್ರದರ್ಶನ ಮಾಡಿದ್ದರು. ವಾಸದ ಕೋಣೆಯೂ ಕೆಲಸದ ಮನೆಯ ಮೇಲೇ. ತನ್ನಿಂದ ಸಾಧ್ಯವೇ ಇಲ್ಲ ಎಂದು ಅವಳು ಆಗಲೇ ಮನಸ್ಸಿನಲ್ಲಿ ಬಾಗಿಲು ಹಾಕಿಕೊಂಡಿದ್ದಳು. ಅತ್ತ ದೊಡ್ಡಮ್ಮನ ಸದ್ದಿಲ್ಲದ ಮನೆ, ಇತ್ತ ಮನೆಯಿಲ್ಲದ ಬೆಕ್ಕು. ನಡುವೆ ಅಡ್ಡ ನಿಂತದ್ದು ಒಂಬತ್ತು ವರ್ಷ. ಹಲ್ಲಿಗೆ ವಯಸ್ಸು ಬರಿಸುವವಳಿಗೆ ಬೆಕ್ಕಿಗೆ ಬರಿಸುವುದು ಯಾವ ಮಹಾ ಕೆಲಸ? ಅದೂ ಅಲ್ಲದೆ, ಡಾಕ್ಟರು ಬಾಯಿ ಹಾಕುವ ಮೊದಲು ತಾನೇ ಹದಿನಾಲ್ಕು ಅಂದಿರಲಿಲ್ಲವೇ? ತನ್ನ ಮಾತನ್ನೇ ತಾನು ಹೇಳಿದರೆ ಅದು ಸುಳ್ಳು ಹೇಗಾದೀತು? ಹೀಗೆಲ್ಲ ತನಗೆ ತಾನೇ ವಕೀಲಿಕೆ ಮಾಡಿಕೊಂಡು ಎರಡನೇ ಮಹಡಿ ಹತ್ತಿದಳು.

"ಹದಿನಾಲ್ಕು ವರ್ಷ ದೊಡ್ಡಮ್ಮ. ಪಾಪ, ಮುದುಕಿ. ಡಾಕ್ಟರಿಗೂ ತೋರಿಸ್ಕೊಂಡು ಬಂದೆ. ಇನ್ನೆಷ್ಟು ದಿನಾನೋ."

ಕಂಡಕ್ಟರಮ್ಮ ಕನ್ನಡಕ ಏರಿಸಿ, ಬುಟ್ಟಿಯೊಳಗೆ ನೋಡಿದರು. ಆಮೇಲೆ ತಂಗಿಯ ಮಗಳ ಮುಖ ನೋಡಿದರು. ಹಲ್ಲಿನವಳು ಕಿಟಕಿಯ ಕಡೆ ನೋಡುತ್ತಿದ್ದಳು.

"ಹದಿನಾಲ್ಕು ಅಂದ್ರೆ ಹದಿನಾರು ಅಂತಿಟ್ಕೋ," ಅಂದರು ಕಂಡಕ್ಟರಮ್ಮ.

ನಲವತ್ತು ವರ್ಷದ ಚಾಳಿ! ಹಲ್ಲಿನವಳಿಗೆ ನಗು ಉಕ್ಕಿ ಬಂತು, ಕೆಮ್ಮಿ ಮುಚ್ಚಿಕೊಂಡಳು. ಕಂಡಕ್ಟರಮ್ಮ ಅಷ್ಟಕ್ಕೇ ಬಿಡಲಿಲ್ಲ. ಶಾಲೆಗೆ ಸೇರಿಸುವಾಗ ಮಕ್ಕಳಿಗೆ ಮಾಡಿಸುತ್ತಾರಲ್ಲ, ಹಾಗೆ ಬೆಕ್ಕಿನ ಬಲಗಾಲನ್ನು ತಲೆಯ ಮೇಲಿಂದ ತಂದು ಎಡಗಿವಿಗೆ ಮುಟ್ಟಿಸಿ ನೋಡಿದರು. ಮುಟ್ಟಿತು. "ಒಂದನೇ ಕ್ಲಾಸಿಗೆ ಸೇರಿಸಬಹುದು," ಎಂದು ಗಂಭೀರವಾಗಿ ಹೇಳಿ, ಅದನ್ನು ಎದೆಗಪ್ಪಿಕೊಂಡರು. ಬೆಕ್ಕು ಪಕ್ಕೆಲುಬೆಲ್ಲ ನಡುಗುವ ಹಾಗೆ ಗುರುಗುಟ್ಟಿತು. "ಆಯ್ತು ಬಾರಮ್ಮ ಅಜ್ಜಿ. ಇರೋಷ್ಟು ದಿನ ಇರು. ನಿನ್ನ ಮುಟ್ಟಿಸಿಯೇ ನಾನು ಇಳಿಯೋದು."

ಹಾಗೆ ಬೆಕ್ಕಿಗೆ ಅಜ್ಜಿ ಎಂದೇ ಹೆಸರಾಯಿತು. ಹದಿನಾರರ ಅಜ್ಜಿಗೆ ಸಲ್ಲಬೇಕಾದ ಸೇವೆಯೆಲ್ಲ ಶುರುವಾಯಿತು. ಅನ್ನ ನುಣ್ಣಗೆ ಕಿವುಚಿ, ಮೀನಿನ ಮುಳ್ಳು ಒಂದೊಂದೇ ಆರಿಸಿ, ಉಗುರುಬೆಚ್ಚಗೆ ಮಾಡಿ ಬಾಯಿಗಿಡುವುದು. ಕುರ್ಚಿ ಹತ್ತಲು ಕಷ್ಟವಾದೀತೆಂದು ಪಕ್ಕದಲ್ಲಿ ಮಣೆ, ಮಣೆಯ ಪಕ್ಕದಲ್ಲಿ ದಿಂಬು. ಮಲಗುವಲ್ಲಿ ಬಿಸಿನೀರಿನ ಬಾಟಲಿ. ಮೊದಲ ವಾರವೆಲ್ಲ ಅಜ್ಜಿಯೂ ಸುಸ್ತಾಗಿ ಮಲಗಿಯೇ ಇತ್ತು. ಕಂಡಕ್ಟರಮ್ಮ ಅದರ ಮುಂದೆ ಕೂತು, ಉಸಿರಾಡುತ್ತಿದೆಯೇ ಎಂದು ಹೊಟ್ಟೆ ನೋಡುತ್ತಿದ್ದರು.

ಎರಡನೇ ವಾರ ಫೋನು ಬಂತು.

"ಲೇ, ಅಜ್ಜಿ ಬೀರು ಮೇಲಿದಾಳೆ."

"ಅಯ್ಯೋ ಪಾಪ! ಇಳಿಯೋಕೆ ಆಗದೆ ಕೂತಿರಬೇಕು ದೊಡ್ಡಮ್ಮ."

"ಇಳಿದಳು. ಮತ್ತೆ ಹತ್ತಿದಳು. ನಾನು ನೋಡ್ತಿದೀನಿ ಅಂತ ಗೊತ್ತಾಗಿ ಇನ್ನೊಂದು ಸಲ ಹತ್ತಿದಳು. ಮಣೆ ಇಟ್ಟಿದ್ನಲ್ಲ, ಅದನ್ನ ಮೂಸಿ ಕೂಡ ನೋಡಿಲ್ಲ."

"ಒಳ್ಳೆ ಊಟ ಬಿದ್ದಿದೆಯಲ್ಲ, ಕಸುವು ಬಂದಿದೆ," ಅಂದಳು ಹಲ್ಲಿನವಳು. ಫೋನಿಟ್ಟ ಮೇಲೆ ಅವಳಿಗೆ ಒಂದು ಸಂಗತಿ ಹೊಳೆಯಿತು. ದೊಡ್ಡಮ್ಮ ತಾನಾಗಿಯೇ ಫೋನು ಮಾಡಿದ್ದರು. ವರ್ಷವಾಗಿತ್ತು ಅವರು ಹಾಗೆ ಮಾಡಿ.

ಆಮೇಲೆ ಫೋನಿಗೆ ಬಿಡುವೇ ಇರಲಿಲ್ಲ. ಅಜ್ಜಿ ಪರದೆ ಹಿಡಿದು ಜೋತಾಡಿದಳು. ಅಜ್ಜಿ ನೊಣವನ್ನು ಗಾಳಿಯಲ್ಲೇ ಹಿಡಿದಳು. ಅಜ್ಜಿ ಬಿಸಿನೀರಿನ ಬಾಟಲಿಯನ್ನು ಕಾಲ ನಡುವೆ ಒದ್ದುಕೊಂಡು ಹಜಾರದ ತುದಿಯವರೆಗೆ ಒಯ್ದಳು. ಎದುರುಮನೆಯಾಕೆ ಬಾಗಿಲು ತಟ್ಟಿ, ಏನದು ದಬದಬ ಸದ್ದು ಎಂದು ಕೇಳಿದಾಗ, ನಮ್ಮ ಮನೇಲಿ ವಯಸ್ಸಾದವರು ಓಡಾಡ್ತಿದಾರೆ ಎಂದು ಉತ್ತರ ಕೊಟ್ಟರಂತೆ ಕಂಡಕ್ಟರಮ್ಮ. ಮಾತಿನ ನಡುನಡುವೆ ಅಂಗಡಿಯವನಿಗೆ ಬೈದರು, ಎದುರುಮನೆಯಾಕೆಗೆ ಬೈದರು, ಹಲ್ಲುಸೆಟ್ಟು ಕಚ್ಚುತ್ತದೆ ಎಂದು ತಂಗಿಯ ಮಗಳಿಗೂ ಬೈದರು. ಹಲ್ಲಿನವಳು ಕಿವಿಗೂ ಭುಜಕ್ಕೂ ನಡುವೆ ಫೋನು ಸಿಕ್ಕಿಸಿಕೊಂಡು, ಮೇಣದಲ್ಲಿ ಹಲ್ಲು ಕೂರಿಸುತ್ತಾ, ಬೈಗುಳವನ್ನು ಸಂಗೀತದ ಹಾಗೆ ಕೇಳುತ್ತಿದ್ದಳು. ಅವಳಿಗಾದ ಸಂತೋಷಕ್ಕೆ ಲೆಕ್ಕವಿಲ್ಲ. ಜೊತೆಗೇ ಒಂದು ಹೆದರಿಕೆಯೂ ಇತ್ತು. ನಿಜ ತಿಳಿದ ದಿನ ದೊಡ್ಡಮ್ಮ ಬುಟ್ಟಿ ಕೈಗೆ ಕೊಟ್ಟು ಬಾಗಿಲು ಹಾಕಿಕೊಂಡರೆ, ಆ ಮನೆ ಮತ್ತೆ ಮೊದಲಿನಂತಾದರೆ?

ಒಂದು ಭಾನುವಾರ ಬುಲಾವು ಬಂತು. "ಊಟ ಆದ್ಮೇಲೆ ಬಂದು ಹೋಗು," ಎಂದಷ್ಟೇ. ದನಿ ಬೆಲ್ಲದಂತಿತ್ತು. ಹಲ್ಲಿನವಳಿಗೆ ಅಲ್ಲೇ ಅನುಮಾನ ಬರಬೇಕಿತ್ತು, ಬರಲಿಲ್ಲ.

ಕಂಡಕ್ಟರಮ್ಮ ಅಡುಗೆಮನೆಯ ಮೇಜಿನ ಮುಂದೆ ಕೂತು ಮೀನಿನ ಮುಳ್ಳು ಆರಿಸುತ್ತಿದ್ದರು. ಅಜ್ಜಿ ಕಿಟಕಿಯ ಕಟ್ಟೆಯ ಮೇಲೆ ಮೈ ಚಾಚಿತ್ತು. ಬೂದು ಕೂದಲು ಎಣ್ಣೆ ಹಚ್ಚಿದಂತೆ ಮಿರಿಮಿರಿ ಮಿಂಚುತ್ತಿತ್ತು. ಹೊರಗೆ ಕಾಂಪೌಂಡ್ ಗೋಡೆಯ ಮೇಲೆ ಕಿವಿ ಹರಿದ ದಪ್ಪ ಗಂಡುಬೆಕ್ಕೊಂದು ಕೂತು ಆಲಾಪನೆ ನಡೆಸಿತ್ತು.

"ಯಾರು ದೊಡ್ಡಮ್ಮ ಅದು?"

"ಅಜ್ಜೀನ ನೋಡೋಕೆ ಬಂದಿದಾನೆ. ಮೂರು ದಿನ ಆಯ್ತು. ನಿನ್ನೆ ಇನ್ನೊಬ್ಬ ಬಂದಿದ್ದ." ಕಂಡಕ್ಟರಮ್ಮ ತಲೆ ಎತ್ತಲಿಲ್ಲ. "ಅಂದಹಾಗೆ, ಆ ಡಾಕ್ಟರ ಹತ್ರ ಮತ್ತೆ ಹೋಗಬೇಕಾ? ಏನಾದ್ರೂ ಹೇಳಿದ್ರಾ ಅವರು?"

"ಹೂಂ, ಒಂದು ತಿಂಗಳು ಬಿಟ್ಟು ಬನ್ನಿ, ಆಪರೇಷನ್ ಮಾಡೋಣ ಅಂದ್ರು."

"ಪಾಪ. ಏನು ಆಪರೇಷನ್ನು?"

"ಅದೇ ದೊಡ್ಡಮ್ಮ, ಮರಿ ಆಗದ ಹಾಗೆ..."

ಮಾತು ಬಾಯಿಂದ ಹೊರಬಿದ್ದ ಮೇಲೆ ಅದರ ಬಾಲ ಹಿಡಿದು ಎಳೆಯಲು ನೋಡಿದಳು, ಆಗಲಿಲ್ಲ. ಕಂಡಕ್ಟರಮ್ಮ ಕೈಯಲ್ಲಿದ್ದ ಮುಳ್ಳನ್ನು ತಟ್ಟೆಯ ಅಂಚಿಗೆ ಇಟ್ಟರು.

"ಹದಿನಾಲ್ಕು ವರ್ಷದ ಅಜ್ಜಿಗೆ. ಇವತ್ತೋ ನಾಳೆಯೋ ಅನ್ನೋಳಿಗೆ. ಮರಿ ಆಗದ ಹಾಗೆ."

ಹಲ್ಲಿನವಳಿಗೆ ಆ ಬಸ್ಸಿನ ಉದ್ದನೆಯ ಹುಡುಗನ ನೆನಪಾಯಿತು. ಆ ಕಥೆಯನ್ನು ಚಿಕ್ಕಂದಿನಿಂದ ಕೇಳಿ ಕೇಳಿ ನಕ್ಕವಳು, ಅದೇ ಗುಂಡಿಗೆ ಎರಡೂ ಕಾಲಿಟ್ಟು ಬಿದ್ದಿದ್ದಳು.

"ಡಾಕ್ಟರು ಎಷ್ಟಂದ್ರು?"

"ಐದು. ಆರು. ಜಾಸ್ತಿ ಅಂದ್ರೆ ಏಳು."

"ಜನ ಎಲ್ಲ ನನ್ನ ಹತ್ರ ಇಳಿಸಿ ಹೇಳಿದ್ರು ಕಣೇ," ಅಂದರು ಕಂಡಕ್ಟರಮ್ಮ. "ಒಂದು ಬಸ್ಸು ತುಂಬ ಜನರಲ್ಲಿ ಏರಿಸಿ ಹೇಳಿದೋಳು ಒಬ್ಬಳೂ ಇರಲಿಲ್ಲ. ನೀನು, ನನ್ನ ತಂಗಿ ಮಗಳು, ಮೊದಲನೇವಳಾದೆ. ನಾನು ಮೇಲೆ ಎರಡು ಬೇರೆ ಸೇರಿಸ್ಕೊಂಡು ಕೂತೆ, ಮಂಕಿನ ಹಾಗೆ. ಬಿಸಿನೀರು ಬಾಟಲಿ ಬೇರೆ ಕೇಡು!"

"ತಪ್ಪಾಯ್ತು ದೊಡ್ಡಮ್ಮ." ಅವಳ ಕಣ್ಣಲ್ಲಿ ನೀರು ತುಂಬಿತು. "ನೀವು ಬೈಯೋದನ್ನೇ ಬಿಟ್ಟುಬಿಟ್ಟಿದ್ರಿ. ಫೋನ್ ಮಾಡಿದ್ರೆ ಹೂಂ, ಹೂಂ ಅಂತಿದ್ರಿ. ನನಗೆ ಭಯ ಆಗ್ತಿತ್ತು. ನಿಮಗೇನಾದ್ರೂ ಆದ್ರೆ ನನಗೆ ಯಾರಿದಾರೆ?"

ಕಂಡಕ್ಟರಮ್ಮ ಸೆರಗಿನಿಂದ ಕೈ ಒರೆಸಿಕೊಂಡರು. "ನಿಜ ಹೇಳೋ ಸರದಿ ಬಂದಿದೆ ಅಂದ್ಮೇಲೆ ನಾನೂ ಹೇಳಿಬಿಡ್ತೀನಿ. ನನಗೆ ಎಪ್ಪತ್ತಾರಲ್ಲ. ಎಪ್ಪತ್ತೊಂಬತ್ತು."

"ಆಂ?"

"ಬಾಯಿ ಮುಚ್ಚು, ನೊಣ ಹೋಗುತ್ತೆ. ಈಗ ಲೆಕ್ಕ ಹಾಕು. ನನ್ನ ಡ್ರೈವರಿನ ಹಾಗೆ ಇವಳೂ ಹತ್ತೊಂಬತ್ತು ವರ್ಷ ಬಾಳಿದ್ರೆ, ಆಗ ನನಗೆಷ್ಟು?"

ಹಲ್ಲಿನವಳು ಲೆಕ್ಕ ಹಾಕಿದಳು. ಉತ್ತರ ತೊಂಬತ್ತು ದಾಟಿತು.

"ಗೊತ್ತಾಯ್ತಲ್ಲ. ನನ್ನ ಬಸ್ಸು ಅಲ್ಲೀವರೆಗೂ ಹೋಗಲ್ಲ ಪುಟ್ಟಿ. ನಡುವೆಯೇ ಎಲ್ಲೋ ಡಿಪೋ ಸೇರುತ್ತೆ. ಆಮೇಲೆ ಇವಳು ಯಾವ ಕಾಲೊರಸಿನ ಮೇಲೆ ಕೂರಬೇಕು? ಕೆಳಗಿನ ಮನೆ ಬಿಳಿ ಬೆಕ್ಕು ಕೂತ ಹಾಗೆ?" ಅವರು ಈ ಸಲ ಅಡುಗೆಮನೆಗೆ ಎದ್ದು ಹೋಗುವ ಹಾಗಿರಲಿಲ್ಲ, ಅಡುಗೆಮನೆಯಲ್ಲೇ ಇದ್ದರು. "ಆ ಬೆಕ್ಕನ್ನ ನೆನೆಸ್ಕೊಂಡ್ರೆ ಈಗಲೂ ನನಗೆ ತುತ್ತು ಇಳಿಯಲ್ಲ."

ಹಲ್ಲಿನವಳು ಮೆಲ್ಲನೆ ಎದ್ದಳು. ಬಾಗಿಲ ಹಿಂದೆ ಆ ಹಳೆಯ ಬುಟ್ಟಿ ಇತ್ತು. "ನಾನು ಕರ್ಕೊಂಡು ಹೋಗಿ, ಬೇರೆ ಯಾರಾದ್ರೂ..."

"ಕೂತ್ಕೋ!" ಕಂಡಕ್ಟರಮ್ಮನ ಕೂಗಿಗೆ ಗೋಡೆಯ ಮೇಲಿನ ಗಂಡುಬೆಕ್ಕಿನ ಆಲಾಪನೆ ಕೂಡ ಗಕ್ಕನೆ ನಿಂತಿತು. "ಹತ್ತಿಸ್ಕೊಂಡಾಗಿದೆ. ಇಳಿಸೋ ಮಾತು ನನ್ನ ಬಸ್ಸಲ್ಲಿಲ್ಲ. ಆದ್ರೆ ನನ್ನ ಸ್ಟಾಪಿಂದ ಮುಂದಕ್ಕೆ ಯಾವ ಬಸ್ಸು ಅಂತ ಈಗಲೇ ಗೊತ್ತಾಗಬೇಕು. ಹೇಳು. ಯಾವ ಬಸ್ಸು?"

ಹಲ್ಲಿನವಳ ಕಣ್ಣ ಮುಂದೆ ಗುಲಾಬಿ ವಸಡು ಬಂತು, ಅದರೊಳಗಿನ ಕೂದಲು ಬಂತು, ಸಂಗೀತದ ಮೇಷ್ಟ್ರ ತೆರೆದ ಬಾಯಿ ಬಂತು. ಇವೆಲ್ಲ ಬರುತ್ತವೆಂದು ಹೆದರಿಯೇ ತಾನು ಒಂಬತ್ತು ವರ್ಷ ಜಾಸ್ತಿ ಹೇಳಿದ್ದು ಎಂದು ಈಗ ಅವಳಿಗೆ ಚೆನ್ನಾಗಿ ಅರ್ಥವಾಯಿತು. ದೊಡ್ಡಮ್ಮನಿಗಾಗಿ ಹೇಳಿದ ಸುಳ್ಳು ಅರ್ಧ, ತಾನು ತಲೆ ತಪ್ಪಿಸಿಕೊಳ್ಳಲು ಹೇಳಿದ್ದು ಇನ್ನರ್ಧ.

"ನನ್ನ ಬಸ್ಸು," ಅಂದಳು.

"ಏನಂದೆ? ಹಿಂದಿನ ಸೀಟಿಗೆ ಕೇಳಿಸ್ಲಿಲ್ಲ."

"ನಾನು ಸಾಕ್ತೀನಿ ದೊಡ್ಡಮ್ಮ. ಆಮೇಲೆ... ನಾನೇ ಸಾಕ್ತೀನಿ."

"ಹಾಗಾದ್ರೆ ಪ್ರತಿ ಭಾನುವಾರ ಬಾ. ಫೋನಲ್ಲಿ ಬೆಕ್ಕಿಗೆ ಪರಿಚಯ ಆಗಲ್ಲ. ನಿನ್ನ ವಾಸನೆ, ನಿನ್ನ ಕೈ, ನಿನ್ನ ಬೈಗುಳ, ಎಲ್ಲ ಅಭ್ಯಾಸ ಆಗಬೇಕು. ಆಮೇಲೆ ಹೊಸ ಬಾಗಿಲ ಮುಂದೆ ನಿಂತು ಹಳೇ ಬಾಗಿಲು ಹುಡುಕಬಾರದು." ಹೀಗೆಂದು ಕಂಡಕ್ಟರಮ್ಮ ಅಜ್ಜಿಯನ್ನು ಕಟ್ಟೆಯಿಂದ ಎತ್ತಿ ತಂದು ಹಲ್ಲಿನವಳ ತೊಡೆಯ ಮೇಲೆ ಹಾಕಿದರು. ಮೀನಿನ ತಟ್ಟೆಯನ್ನೂ ಮುಂದೆ ತಳ್ಳಿದರು. "ಮುಳ್ಳು ಆರಿಸೋದು ಕಲಿ."

"ಇವಳೇನು ಮುದುಕಿ ಅಲ್ಲವಲ್ಲ ದೊಡ್ಡಮ್ಮ, ಇನ್ನೂ ಯಾಕೆ ಆರಿಸ್ತೀರಾ?"

"ಅವಳಿಗೆ ರೂಢಿಯಾ‌ಗಿಬಿಟ್ಟಿದೆ. ಮುಳ್ಳಿದ್ರೆ ನನ್ನ ಮುಖ ನೋಡ್ತಾಳೆ."

ಸಂಜೆಯವರೆಗೂ ಇಬ್ಬರೂ ಕೂತಿದ್ದರು. ಡಾಕ್ಟರ ಬಳಿಗೆ ಹೋಗುವ ದಿನ ಗೊತ್ತಾಯಿತು. ಗೋಡೆಯ ಮೇಲಿನ ಸಂಗೀತಗಾರನಿಗೆ ಒಂದು ಚೊಂಬು ನೀರೂ ಬಿತ್ತು. ಹೊರಡಲು ಎದ್ದಾಗ ಹಲ್ಲಿನವಳ ಕರಿ ಸೀರೆಯ ತುಂಬ ಬೂದು ಕೂದಲು. ಅವಳು ಕೊಡವಲು ಕೈ ಎತ್ತಿದಳು, ಯಾಕೋ ಹಾಗೇ ಇಳಿಸಿದಳು.

ಬಾಗಿಲ ಬಳಿ ಅವಳಿಗೆ ನೆನಪಾಯಿತು. "ದೊಡ್ಡಮ್ಮ, ಹೆಸರಾದ್ರೂ ಬದಲಾಯಿಸೋಣ್ವಾ? ಐದು ವರ್ಷದವಳನ್ನ ಅಜ್ಜಿ ಅಂತ ಕರೆದ್ರೆ ಬೀದಿಯವರು ನಗಲ್ವಾ?"

ಕಂಡಕ್ಟರಮ್ಮ ಅಜ್ಜಿಯನ್ನು ಹೆಗಲ ಮೇಲೆ ಸರಿಯಾಗಿ ಕೂರಿಸಿಕೊಂಡರು.

"ಇರಲಿ ಬಿಡು. ಒಂದಲ್ಲ ಒಂದು ದಿನ ಅಜ್ಜಿ ಆಗೇ ಆಗ್ತಾಳಲ್ಲ," ಅಂದರು. "ನಿನ್ನ ಮನೇಲಿ."